ಬಿಟ್ಟು ಬರೋಕೂ ಒಂದೊಂದಕ್ಕೆ ಒಂದೊಂದು ದಾರಿನಾ?

ಕೋಡಿನ ಬದಲಾವಣೆಗಳನ್ನೆಲ್ಲ ನೆನಪಿಟ್ಕೊಳೋ ಗಿಟ್‌ನಲ್ಲಿ ಶುರು ಮಾಡಿದ್ದನ್ನ ಅರ್ಧಕ್ಕೆ ಬಿಟ್ಟು ವಾಪಸ್ ಬರೋದು ಯಾಕಪ್ಪಾ ಇಷ್ಟು ರಗಳೆ? ಎರಡು ಬ್ರಾಂಚ್ (ಕೋಡಿನ ಕವಲು) ಸೇರಿಸೋ ಮರ್ಜ್ ಆದ್ರೆ ಮರ್ಜ್ ಅಬಾರ್ಟ್ (ರದ್ದು), ಕಮಿಟ್‌ಗಳನ್ನ (ಉಳಿಸಿಟ್ಟ ಬದಲಾವಣೆ) ಬೇರೆ ಬುಡದ ಮೇಲೆ ಕೂರಿಸೋ ರೀಬೇಸ್ ಆದ್ರೆ ರೀಬೇಸ್ ಅಬಾರ್ಟ್, ಬೇಕಾದ ಕಮಿಟ್ ಆರಿಸಿ ತರೋ ಚೆರ್ರಿ ಪಿಕ್‌ಗೆ ಅದರದ್ದೇ, ಸರಿ ಅಂತ ಬಗ್ ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕೋ ಬೈಸೆಕ್ಟ್‌ಗೂ ಅಬಾರ್ಟ್ ಹೊಡೆದ್ರೆ ಅದಿಲ್ಲ, ಅಲ್ಲಿ ರೀಸೆಟ್ ಅನ್ಬೇಕಂತೆ. ಯಾವುದರ ಮಧ್ಯೆ ಸಿಕ್ಕಾಕೊಂಡಿದೀವಿ ಅಂತ ಗಿಟ್‌ಗೆ ಗೊತ್ತು, ಸ್ಟೇಟಸ್ ಕೇಳಿದ್ರೆ ಅದೇ ಹೇಳತ್ತೆ, ಹಾಗಿದ್ಮೇಲೆ "ಸಾಕು, ಬಿಡು" ಅನ್ನೋಕೆ ಒಂದೇ ಕಮಾಂಡ್ ಕೊಡೋಕೇನು ದಾಡಿ? ಗಿಟ್ ಥರದ್ದೇ ಇನ್ನೊಂದು ಟೂಲ್ ಮರ್ಕ್ಯೂರಿಯಲ್‌ನವ್ರು 2019ರಲ್ಲೇ ಮರ್ಜ್, ರೀಬೇಸ್ ಥರದ್ದಕ್ಕೆಲ್ಲ ಸೇರಿಸಿ ಒಂದು ಅಬಾರ್ಟ್ ತಂದ್ರು!

ಅದಕ್ಕಿಂತ ಮೈ ಉರಿಯೋದು ಕ್ವಿಟ್ ನೋಡಿದ್ರೆ. ರೀಬೇಸ್ ಕ್ವಿಟ್ ಅಂದ್ರೆ ಅಬಾರ್ಟ್ ಥರಾನೇ ಕೇಳ್ಸತ್ತೆ, ಆದ್ರೆ ಹಳೇ ಬ್ರಾಂಚಿಗೆ ವಾಪಸ್ ಬಿಡಲ್ಲ, ಹೆಡ್ (ನಾವೀಗ ನಿಂತಿರೋ ಜಾಗ) ಎಲ್ಲಿತ್ತೋ ಅಲ್ಲೇ ಬಿಟ್ಟು ಕೈ ತೊಳ್ಕೊಳತ್ತೆ, ಸಿಲ್ಕ್ ಬೋರ್ಡ್ ಫ್ಲೈಓವರ್ ಮೇಲೆ ಇಳಿಸಿ ಹೋಗೋ ಆಟೋ ಥರ.

ಮರ್ಜ್ ಅಬಾರ್ಟ್ ಆದ್ರೂ ನಂಬಬಹುದಾ? ಪೂರ್ತಿ ಇಲ್ಲ. ಕಮಿಟ್ ಮಾಡದೇ ಇರೋ ಬದಲಾವಣೆ ಇಟ್ಕೊಂಡು ಮರ್ಜ್ ಶುರು ಮಾಡಿದ್ರೆ ಕೆಲವು ಸಲ ಅವು ವಾಪಸ್ ಸಿಗಲ್ಲ ಅಂತ ಮ್ಯಾನುಅಲ್‌ನಲ್ಲೇ ಬರ್ದಿದಾರೆ, ಮೊದ್ಲೇ ಸ್ಟ್ಯಾಶ್ ಮಾಡಿ ಪಕ್ಕಕ್ಕೆ ಎತ್ತಿಟ್ಕೊಳಿ ಅಂತ. ರೆಫ್‌ಲಾಗ್ (ಹೆಡ್ ಎಲ್ಲೆಲ್ಲಿ ಓಡಾಡ್ತು ಅನ್ನೋ ದಾಖಲೆ) ಇದೆಯಲ್ಲ ಅಂತಾರೆ ಸೀನಿಯರ್‌ಗಳು, ಸ್ವಾಮಿ, ಕಮಿಟ್ಟೇ ಆಗದೇ ಇರೋದು ಅಲ್ಲೆಲ್ಲಿಂದ ಬರತ್ತೆ? ಅದಕ್ಕೇ ನಮ್ ಔಟರ್ ರಿಂಗ್ ರೋಡ್ ಆಫೀಸಿನ ಫ್ರೆಷರ್ ಹುಡುಗ್ರು ಕಾನ್‌ಫ್ಲಿಕ್ಟ್ (ಎರಡು ಬದಲಾವಣೆ ಗುದ್ದಾಡೋದು) ಕಂಡ ತಕ್ಷಣ ಫೋಲ್ಡರ್ರೇ ಡಿಲೀಟ್ ಮಾಡಿ, ಪಿಜಿ ವೈಫೈಲಿ ಮತ್ತೆ ಪೂರ್ತಿ ಕಾಪಿ ಇಳಿಸೋ ಕ್ಲೋನ್ ಹಾಕಿ, ಊಟಕ್ಕೆ ಹೋಗ್ತಾರೆ. ಬೈಯೋಕೂ ಮನಸು ಬರಲ್ಲ ಬಿಡಿ.