ಬ್ಲರ್‌ಗೆ ಮೆನು ಮುಚ್ಚುವ ಮುನ್ನ

ವೆಬ್ ಪುಟದಲ್ಲಿ ಬಟನ್ ಬ್ಲರ್ ಆದ, ಅಂದರೆ ಕೀಬೋರ್ಡ್ ಒತ್ತುಗಳನ್ನು ಪಡೆಯುವ ಫೋಕಸ್ ಅದರಿಂದ ಸರಿದ, ಕೂಡಲೇ ಡ್ರಾಪ್‌ಡೌನ್ ಮೆನು ಮುಚ್ಚುವ ಕೋಡ್ ಬದಲಾವಣೆಯನ್ನು ದಯವಿಟ್ಟು ಹಾಗೇ ಮರ್ಜ್ ಮಾಡಬೇಡಿ, ಮುಖ್ಯ ಕೋಡ್‌ಗೆ ಸೇರಿಸಬೇಡಿ. ಮುಂಬೈ ಲೋಕಲ್ ಸ್ಟೇಷನ್ ಆರಿಸುವ ಮೆನುವನ್ನೇ ತಗೊಳ್ಳಿ. ‘ಮಾಟುಂಗಾ’ ಮೇಲೆ ಒತ್ತಿದಾಗ ಮೊದಲು ಮೌಸ್‌ಡೌನ್ (ಮೌಸ್ ಗುಂಡಿ ಒತ್ತಿದ್ದು), ಆಮೇಲೆ ಬ್ಲರ್, ಕೊನೆಗೆ ಮೌಸ್‌ಅಪ್ (ಗುಂಡಿ ಬಿಟ್ಟದ್ದು) ಮತ್ತು ಕ್ಲಿಕ್. ಬ್ಲರ್‌ಗೇ ಪಟ್ಟಿ ಮಾಯವಾದರೆ ಕ್ಲಿಕ್ ಸೇರುವುದಾದರೂ ಎಲ್ಲಿಗೆ? ಸೆಟ್‌ಟೈಮ್‌ಔಟ್ ಬಳಸಿ ಮುಚ್ಚುವುದನ್ನು 200 ಮಿಲಿಸೆಕೆಂಡ್ ತಡಮಾಡುವುದು ಬರೀ ತೇಪೆ. ಮೌಸನ್ನು ತುಸು ಹೊತ್ತು ಒತ್ತಿ ಹಿಡಿದರೆ ಮತ್ತೆ ಅದೇ ಗತಿ.

ಬಟನ್ ಮತ್ತು ಮೆನು ಎರಡನ್ನೂ ಸುತ್ತುವರಿದ ಡಿವ್‌ಗೆ (ಹೊರಗಿನ ಚೌಕಟ್ಟಿಗೆ) ಫೋಕಸ್‌ಔಟ್, ಅಂದರೆ ಒಳಗಿನ ಯಾವುದರಿಂದಲಾದರೂ ಫೋಕಸ್ ಸರಿದಾಗ ತಿಳಿಸುವ ಇವೆಂಟ್, ಹಾಕಿ. ರಿಲೇಟೆಡ್‌ಟಾರ್ಗೆಟ್, ಅಂದರೆ ಫೋಕಸ್ ಹೋಗುತ್ತಿರುವ ಜಾಗ, ಆ ಡಿವ್ ಒಳಗೇ ಇದ್ದರೆ ಮುಚ್ಚಬೇಡಿ. ಮ್ಯಾಕ್‌ನ ಸಫಾರಿ ಕ್ಲಿಕ್ಕಿಸಿದ ಬಟನ್‌ಗೆ ಫೋಕಸ್ ಕೊಡುವುದಿಲ್ಲ, ಅಲ್ಲಿ ರಿಲೇಟೆಡ್‌ಟಾರ್ಗೆಟ್ ನಲ್ (ಖಾಲಿ) ಬರಬಹುದು. ಹಾಗಾಗಿ ಪ್ರತಿ ಆಯ್ಕೆಗೂ, ಕ್ಲಿಕ್ಕಿಸಿದಾಗ ಫೋಕಸ್ ಪಡೆಯುವಂತೆ ಮಾಡುವ ಟ್ಯಾಬ್‌ಇಂಡೆಕ್ಸ್ -1 ಇದೆಯೇ ನೋಡಿ. ಎಸ್ಕೇಪ್ ಒತ್ತಿದರೆ ಫೋಕಸ್ ಬಟನ್‌ಗೇ ಮರಳಬೇಕು, ಮೆನು ತೆರೆದಿದೆಯೇ ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಏರಿಯಾ-ಎಕ್ಸ್‌ಪಾಂಡೆಡ್ ಫಾಲ್ಸ್ ಆಗಬೇಕು. ಇದನ್ನು ಮೌಸ್ ಬದಿಗಿಟ್ಟು ಕೀಬೋರ್ಡಲ್ಲೇ ಪರೀಕ್ಷಿಸಿ.