ಅಡಿಕೆಗೆ ಹೋದ ಮಾನ 9.99 ಕೋಟಿಗೆ ಬಂದೀತೇ?

ಚಪ್ಪಲಿ ಅಂಗಡಿಯಲ್ಲಿ 999 ರೂಪಾಯಿ ಅಂತ ಚೀಟಿ ಅಂಟಿಸಿರುತ್ತಾರಲ್ಲ, ಅದರ ಕರಾಮತ್ತು ನಮಗೆಲ್ಲ ಗೊತ್ತು. ಸಾವಿರ ಅಂದರೆ ಗಿರಾಕಿ ಹಿಂದೆ ಸರಿಯುತ್ತಾನೆ, ಒಂದು ರೂಪಾಯಿ ಇಳಿಸಿದರೆ ತಾನಾಗೇ ಕಾಲು ತೂರಿಸುತ್ತಾನೆ. ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತದೋ ಇಲ್ಲವೋ ಎಂಬ ಸಂಶೋಧನೆಗೆ ಕೇಂದ್ರ ಸರ್ಕಾರ ಎತ್ತಿಟ್ಟಿರುವ ದುಡ್ಡು 9.99 ಕೋಟಿ. ಏಮ್ಸ್, ಜೀವಕೋಶಗಳ ಸಂಶೋಧನೆ ಮಾಡುವ ಹೈದರಾಬಾದಿನ ಸಿಸಿಎಂಬಿ, ನಮ್ಮ ಬೆಂಗಳೂರಿನ ಐಐಎಸ್‌ಸಿ ಎಲ್ಲ ಸೇರಿ 16 ಸಂಸ್ಥೆಗಳು. ಹತ್ತು ಕೋಟಿಗೆ ಕೊನೆಯ ಒಂದು ಲಕ್ಷ ಯಾಕೆ ಕಡಿಮೆಯಾಯಿತೋ ತಿಳಿಯದು. ಸಭೆ ಮುಗಿದ ಮೇಲೆ ಹಂಚುವ ಎಲೆಯಡಿಕೆಯ ಖರ್ಚನ್ನು ಬೇರೆ ಲೆಕ್ಕಕ್ಕೆ ಹಾಕಿರಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಅಡಿಕೆಯ ಅನ್ನ ತಿಂದು ಬೆಳೆದವನು. ಕೊಳೆರೋಗ ಬಂದ ವರ್ಷ ನನ್ನ ಹಾಸ್ಟೆಲ್ ಫೀಸು ತಡವಾಗುತ್ತಿತ್ತು, ರಾಶಿ ಎಂಬ ಬಗೆಯ ಅಡಿಕೆಗೆ ರೇಟು ಬಂದ ವರ್ಷ ಅಮ್ಮನ ಕೈಗೆ ಬಳೆ ಬರುತ್ತಿತ್ತು. ಈಗಲೂ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಶಿವಮೊಗ್ಗ ಮಾರುಕಟ್ಟೆಯ ಧಾರಣೆ, ಆಮೇಲೆ ಯಾರು ತೀರಿಕೊಂಡರು ಅಂತ. ಆದ್ದರಿಂದ ಇದನ್ನೋದಿ 'ಇವನ್ಯಾವನೋ ಬೆಂಗಳೂರಿನ ಎನ್‌ಜಿಒ ಗಿರಾಕಿ' ಎಂದು ಬೈಯಲು ಹೊರಟವರು ದಯವಿಟ್ಟು ಬೈಗುಳ ಬದಲಿಸಿಕೊಳ್ಳಿ. 'ಮನೆಮುರುಕ' ಅನ್ನಬಹುದು. ಅದು ಹೆಚ್ಚು ಹೊಂದುತ್ತದೆ.

ಕಥೆ ನಿಮಗೆ ಗೊತ್ತೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ತಂಬಾಕು ಹಾಕಿದ ಕವಳ, ಅಂದರೆ ಎಲೆಯಡಿಕೆ, ಕ್ಯಾನ್ಸರ್ ತರುತ್ತದೆ ಎಂದು 1985ರಲ್ಲೇ ತೀರ್ಪು ಕೊಟ್ಟಿತ್ತು. 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಂಬಾಕಿಲ್ಲದ ಕವಳ, ಬರೀ ಅಡಿಕೆ ಎರಡೂ ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿದವು ಎಂದಿತು. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದೇ ಸಂಸ್ಥೆಯ ಲೆಕ್ಕ ಬಂತು: 2022ರಲ್ಲಿ ಜಗತ್ತಿನಲ್ಲಿ ಬಾಯಿ ಕ್ಯಾನ್ಸರ್ ಆದವರು 3,89,800 ಮಂದಿ, ಅವರಲ್ಲಿ 1,20,200 ಮಂದಿಯದು ಜಗಿಯುವ ತಂಬಾಕು ಮತ್ತು ಅಡಿಕೆಯ ಕೊಡುಗೆ. ಅದರಲ್ಲಿ 83,400 ಮಂದಿ ಭಾರತದವರು. ಈ ಅಂಕಿ ಬಿದ್ದದ್ದೇ ತಡ, ನಮ್ಮ ಜನಪ್ರತಿನಿಧಿಗಳು ಪಕ್ಷಭೇದ ಮರೆತು ಒಂದಾದರು. ಕಾವೇರಿ ನೀರಿಗೂ ಇಷ್ಟು ಬೇಗ ಒಂದಾಗಿದ್ದು ನೆನಪಿಲ್ಲ. ದೆಹಲಿಗೆ ನಿಯೋಗ ಹೋಯಿತು. 83,400 ಬಾಯಿಗಳ ಬಗ್ಗೆ ಕೇಳಲಿಕ್ಕಲ್ಲ, ಅಡಿಕೆಯ ಮಾನದ ಬಗ್ಗೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಗಾದೆ. ಗಾದೆ ಕಟ್ಟಿದವನ ಕಾಲದಲ್ಲಿ ಮಾನ ಹೋಗುತ್ತಿದ್ದುದು ಮನುಷ್ಯನದು. ಈಗ ಅಡಿಕೆಯದೇ ಹೋಗಿದೆ, ತಂದುಕೊಡಲು ಆನೆಯ ಬದಲು ಸಂಶೋಧನೆ ಹೊರಟಿದೆ. ಈ ಸಂಶೋಧನೆಯ ಸೊಗಸೇ ಬೇರೆ. ಫಲಿತಾಂಶ ಏನು ಬರಬೇಕು ಎಂಬುದನ್ನು ವೇದಿಕೆ ಮೇಲೆ ಮೊದಲೇ ಹೇಳಿಯಾಗಿದೆ: ಅಡಿಕೆಗೆ ಅಂಟಿದ ಕಳಂಕ ತೊಳೆಯಬೇಕು. ಜಾತಕ ತೋರಿಸುವ ಮೊದಲೇ ಚಪ್ಪರ ಹಾಕಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಆಮೇಲೆ ಜೋಯಿಸರನ್ನು ಕರೆದು 'ಕೂಡಿ ಬರುತ್ತದೋ ನೋಡಿ' ಅಂದ ಹಾಗೆ. ಆ 16 ಸಂಸ್ಥೆಗಳ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ, ಸ್ವಲ್ಪ ಕನಿಕರವೂ.

ರಾಜ್ಯದಲ್ಲಿ ಅಡಿಕೆಗೆಂದೇ ಒಂದು ಕಾರ್ಯಪಡೆಯನ್ನೂ ಮಾಡಿದ್ದರು. ಬೆಳೆಗಾರರ ಹಿತ ಕಾಯುವುದು ಅದರ ಕೆಲಸ. ಕಾಯಲಿ, ನನ್ನದೂ ಹಿತವೇ. ಆದರೆ ಕ್ಯಾನ್ಸರಿನ ವಿಷಯದಲ್ಲೂ ಜನರಿಗೆ ಬುದ್ಧಿ ಹೇಳುವ ಸಲಹಾ ಸಮಿತಿಯ ಜಾಗದಲ್ಲಿ ತೋಟದ ಕಡೆಯವರೇ ಕೂತುಬಿಟ್ಟರೆ, ಬೆಕ್ಕನ್ನೇ ಹಾಲಿನ ಗುಣಮಟ್ಟ ಪರೀಕ್ಷಕನನ್ನಾಗಿ ನೇಮಿಸಿದಂತೆ. ಬೆಕ್ಕಿನ ವರದಿ ಪ್ರಾಮಾಣಿಕವಾಗಿಯೇ ಇರುತ್ತದೆ: ಹಾಲು ಚೆನ್ನಾಗಿತ್ತು.

ನಮ್ಮ ಕಡೆ ವೈದ್ಯಕೀಯ ಸಂಶೋಧನೆಯ ಮೂಲ ಸಾಮಗ್ರಿ ಅಂದರೆ ಅಜ್ಜ. ಎಲ್ಲರ ಮನೆಯಲ್ಲೂ ಒಬ್ಬ. ದಿನಕ್ಕೆ ಇಪ್ಪತ್ತು ಕವಳ ಹಾಕುತ್ತಿದ್ದ, ತೊಂಬತ್ತೆರಡಕ್ಕೆ ಹೋದ, ಕೊನೆಯವರೆಗೂ ಹಲ್ಲು ಗಟ್ಟಿ. ಈ ಅಜ್ಜನ ಮುಂದೆ ಲ್ಯಾನ್ಸೆಟ್ ಯಾವ ಲೆಕ್ಕ? ಬಾಯಿಹುಣ್ಣು ಮಾಗದೆ ನಲವತ್ತೈದಕ್ಕೆ ಹೋದವನು ಅಜ್ಜನಾಗುವುದೇ ಇಲ್ಲವಲ್ಲ, ಹಾಗಾಗಿ ಅವನು ಸಾಕ್ಷಿ ಹೇಳಲು ಬರುವುದಿಲ್ಲ. ಅಜ್ಜಂದಿರ ಸಮೀಕ್ಷೆಯಲ್ಲಿ ಅಡಿಕೆಗೆ ಯಾವತ್ತೂ ನೂರಕ್ಕೆ ನೂರು.

ಇದು ಮಲೆನಾಡಿನವರದೇ ಕಾಯಿಲೆ ಎಂದುಕೊಳ್ಳಬೇಡಿ, ಪಾರ್ಲಿಮೆಂಟಿಗೂ ಇತ್ತು. ಸಿಗರೇಟು ಬೀಡಿ ಪೊಟ್ಟಣದ ಮೇಲೆ ಶೇಕಡಾ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಎಂದು 2014ರಲ್ಲಿ ಅಧಿಸೂಚನೆ ಬಂತು. 2015ರ ಏಪ್ರಿಲ್ ಒಂದಕ್ಕೆ ಜಾರಿಯಾಗಬೇಕು. ಅಷ್ಟರಲ್ಲಿ ಸಂಸದರ ಸಮಿತಿಯೊಂದು ತಡೆಯಿತು. ಅಧ್ಯಕ್ಷರಾಗಿದ್ದ ದಿಲೀಪ್ ಗಾಂಧಿಯವರು, ತಂಬಾಕಿನಿಂದ ಕ್ಯಾನ್ಸರ್ ಎನ್ನುವ ಅಧ್ಯಯನಗಳೆಲ್ಲ ವಿದೇಶದವು, ನಮ್ಮ ದೇಶದ ಅಧ್ಯಯನ ಎಲ್ಲಿದೆ ಎಂದರು. ಸಮಿತಿಯ ಸದಸ್ಯರಲ್ಲಿ ಶ್ಯಾಮಾಚರಣ್ ಗುಪ್ತಾ ಅಂತ ಒಬ್ಬರಿದ್ದರು. ಅಲಹಾಬಾದ್ ಸಂಸದರು, ಬೀಡಿ ಉದ್ಯಮಿ. ಒಂದರ ಹಿಂದೊಂದು ಬೀಡಿ ಸೇದಿಯೂ ಏನೂ ಆಗದವರನ್ನು ಎಷ್ಟು ಬೇಕಾದರೂ ಕರೆತಂದು ನಿಲ್ಲಿಸುತ್ತೇನೆ, ಸಕ್ಕರೆ ಆಲೂಗಡ್ಡೆಯಿಂದಲೂ ಮಧುಮೇಹ ಬರುತ್ತದೆ, ಅದರ ಮೇಲೆ ಯಾಕೆ ಬರೆಯುವುದಿಲ್ಲ ಎಂಬ ಧಾಟಿಯಲ್ಲಿ ಅವರು ವಾದಿಸಿದರು. ನೋಡಿ, ಮತ್ತೆ ಅಜ್ಜ! ಎಚ್ಚರಿಕೆ ಒಂದು ವರ್ಷ ತಡವಾಗಿ ಪೊಟ್ಟಣ ಸೇರಿತು. 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ಆ ನಿಯಮವನ್ನೇ ರದ್ದು ಮಾಡಿತು, ತಿಂಗಳೊಳಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅಂತೂ ಆ ಗಂಟಲಿನ ಚಿತ್ರ ಉಳಿದುಕೊಂಡಿತು.

ಹಾಗಂತ ನಮ್ಮ ಸರ್ಕಾರಗಳಿಗೆ ಕ್ಯಾನ್ಸರಿನ ಬಗ್ಗೆ ಕಾಳಜಿ ಇಲ್ಲ ಎನ್ನಬೇಡಿ. ಗೋಬಿ ಮಂಚೂರಿಯನ್ನು ನೆನಪಿಸಿಕೊಳ್ಳಿ. 2024ರ ಮಾರ್ಚಿನಲ್ಲಿ 171 ತಟ್ಟೆ ಗೋಬಿಯ ಮಾದರಿ ತೆಗೆದು, 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತೆಂದು ಕೃತಕ ಬಣ್ಣಕ್ಕೆ ನಿಷೇಧ ಹಾಕಿದರು. ಬಾಂಬೆ ಮಿಠಾಯಿಗೂ ಅದೇ ಗತಿ. ಆಮೇಲೆ ಕೇಕು. ಆಮೇಲೆ ಇಡ್ಲಿ, ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುತ್ತಾರೆಂದು ತಪಾಸಣೆ ನಡೆಯಿತು. ಎಲ್ಲವೂ ಸರಿಯಾದ ಕೆಲಸವೇ, ನನಗೆ ತಕರಾರಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಯವನು ಮಾರನೇ ದಿನವೇ ಬಣ್ಣ ಬಿಟ್ಟ. ಗೋಬಿ ಸೂತಕದ ಮನೆಯ ಸಪ್ಪೆ ಪಲ್ಯದ ಹಾಗೆ ಕಾಣತೊಡಗಿತು. ವ್ಯಾಪಾರ ಅರ್ಧಕ್ಕಿಳಿಯಿತು. ಅವನ ಪರವಾಗಿ ದೆಹಲಿಗೆ ನಿಯೋಗ ಹೋಗಲಿಲ್ಲ. ಹೂಕೋಸಿನ ಕಾರ್ಯಪಡೆ ರಚನೆಯಾಗಲಿಲ್ಲ. ರೋಡಮೈನ್-ಬಿ ಎಂಬ ಆ ಕೃತಕ ಬಣ್ಣ ನಮ್ಮ ಸಂಸ್ಕೃತಿಯ ಅಂಗ, ಅದಿಲ್ಲದೆ ಯಾವ ಶುಭಕಾರ್ಯವೂ ಇಲ್ಲ ಎಂದು ಯಾವ ಸಚಿವರೂ ಗದ್ಗದಿತರಾಗಲಿಲ್ಲ. ಗಾಡಿಯವನದು ಒಂದು ಓಟು. ತೋಟದವರದು ಒಂದು ವಿಧಾನಸಭಾ ಕ್ಷೇತ್ರವಲ್ಲ, ಒಂದು ಡಜನ್ನು.

ಇಲ್ಲಿ ಇನ್ನೊಂದು ತಮಾಷೆಯಿದೆ. ಅಂಗಡಿಯಲ್ಲಿ ನೇತಾಡುವ ಸುಪಾರಿ ಪೊಟ್ಟಣ ಕೈಗೆ ತೆಗೆದುಕೊಂಡು ನೋಡಿ. ಸುಪಾರಿ ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚಾಗಿರಬೇಕು, ಆಹಾರ ಸುರಕ್ಷತಾ ನಿಯಮ ಹಾಗೇ ಹೇಳುತ್ತದೆ. ಅಂದರೆ ಸರ್ಕಾರದ ಒಂದು ಕೈ ಹಾನಿಕರ ಎಂದು ಅಚ್ಚು ಹಾಕಿಸುತ್ತದೆ, ಇನ್ನೊಂದು ಕೈ ಹಾನಿಕರ ಹೌದೇ ಎಂದು 9.99 ಕೋಟಿ ಎಣಿಸಿಕೊಡುತ್ತದೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿಯಾಗಿದೆ. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ, ಜೋಡಿಯಾಗಿ ಮಾರುತ್ತಾರೆ. ನಿಷೇಧಿತ ವಸ್ತು ತಯಾರಾಗುವುದು ಈಗ ಗಿರಾಕಿಯ ಅಂಗೈಯಲ್ಲಿ. ಗುಡಿ ಕೈಗಾರಿಕೆ ಅಂದರೆ ಇದು! ಟೀವಿಯಲ್ಲಿ ಅದೇ ಕಂಪನಿಗಳ ಹೆಸರಿನ ಏಲಕ್ಕಿಯನ್ನು ಚಿತ್ರತಾರೆಯರು ಹೆಲಿಕಾಪ್ಟರಿನಿಂದ ಇಳಿದು ಬಂದು ತಿನ್ನುತ್ತಾರೆ. ಒಂದು ಏಲಕ್ಕಿಗೆ ಅಷ್ಟು ಖರ್ಚು ಮಾಡುವುದನ್ನು ನೋಡಿದರೆ ನಮ್ಮ ಸಕಲೇಶಪುರದ ಏಲಕ್ಕಿ ಬೆಳೆಗಾರರು ಎಂದೋ ಕೋಟ್ಯಧೀಶರಾಗಿರಬೇಕಿತ್ತು.

ಇನ್ನು ಜನಜಾಗೃತಿ. ನಮ್ಮ ತಾಲ್ಲೂಕಿನಲ್ಲಿ ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನಕ್ಕೆ ಜಾಥಾ ನಡೆಯಿತು. ಹೈಸ್ಕೂಲು ಮಕ್ಕಳು ಬಿಸಿಲಲ್ಲಿ ಬ್ಯಾನರ್ ಹಿಡಿದು ನಡೆದರು. ಬಿಸಿಲು ಕೂಡ ಐಎಆರ್‌ಸಿಯ ಒಂದನೇ ಗುಂಪಿನಲ್ಲೇ ಇದೆ, ಇರಲಿ. ಸಭಾಭವನದಲ್ಲಿ ದಂತವೈದ್ಯೆಯೊಬ್ಬರು ಚೆನ್ನಾಗಿ ಮಾತಾಡಿದರು. ಎರಡು ವಾರ ಕಳೆದರೂ ಮಾಗದ ಹುಣ್ಣು, ಬಿಳಿ ಮಚ್ಚೆ, ಬಾಯಿ ತೆರೆಯಲು ಬಿಗಿತ, ಎಲ್ಲವನ್ನೂ ಪರದೆ ಮೇಲೆ ತೋರಿಸಿದರು. ಅಡಿಕೆ ಎಂಬ ಶಬ್ದ ಬಂದಾಗ ಅಧ್ಯಕ್ಷತೆ ವಹಿಸಿದ್ದವರು ಗಂಟಲು ಸರಿಮಾಡಿಕೊಂಡರು. ಕೊನೆಗೆ ಸನ್ಮಾನ. ಶಾಲು, ಪೇಟ, ಕೊರಳಿಗೆ ಘಮಘಮಿಸುವ ಅಡಿಕೆ ಹಾರ, ಕೈಗೆ ಫಲತಾಂಬೂಲ. ಆ ಡಾಕ್ಟರ್ ಹುಡುಗಿ ಹಾರ ಹಾಕಿಕೊಂಡು ಫೋಟೋಕ್ಕೆ ನಿಂತ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದೆ. ನಗಬೇಕೋ ಬೇಡವೋ ಎಂಬ ಮುಖ. ವಂದನಾರ್ಪಣೆಯವರು, 'ಮೇಡಂ ಹೇಳಿದ್ದು ಗುಟ್ಕಾದ ಬಗ್ಗೆ, ನಮ್ಮ ಅಡಿಕೆ ಬಗ್ಗೆ ಅಲ್ಲ' ಎಂದು ತಿದ್ದುಪಡಿ ಮಾಡಿ ಕಾರ್ಯಕ್ರಮ ಮುಗಿಸಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಈಗ ನಮ್ಮ ಕೊನೆಗೌಡನ ವಿಷಯಕ್ಕೆ ಬರುತ್ತೇನೆ.

ಇಪ್ಪತ್ತೈದು ವರ್ಷ ನಮ್ಮ ತೋಟದ ಮರ ಹತ್ತಿದವನು. ಮಳೆಗಾಲದ ಜಾರುವ ಮರಕ್ಕೆ ಔಷಧಿ ಹೊಡೆದವನು, ಕೊಯ್ಲಿನಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ನೇಣಿನ, ಅಂದರೆ ಹಗ್ಗದ ಮೇಲೆ ಅಡಿಕೆ ಕೊನೆ ಜಾರಿಸಿದವನು. ಮೇಲೆ ಕೂತಲ್ಲೇ ಒಂದು ಅಡಿಕೆ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬಿಡಿಸಿ ಇಳಿದ ಮೇಲೆ ಇನ್ನೊಂದು. ತಂಬಾಕು ಮುಟ್ಟುವವನಲ್ಲ. ಮನೆಗೆ ಬಂದ ಆಶಾ ಕಾರ್ಯಕರ್ತೆ ನಮೂನೆ ತುಂಬಿಕೊಂಡಳು. ಬೀಡಿ ಸಿಗರೇಟು? ಇಲ್ಲ. ಗುಟ್ಕಾ, ಖೈನಿ? ಇಲ್ಲ. ಆ ಸಾಲಿಗೆ ಸೊನ್ನೆ ಅಂಕ. ಬರೀ ಅಡಿಕೆಯನ್ನು ನಮೂನೆ ಕೇಳುವುದಿಲ್ಲ, ಇವನೂ ಹೇಳಲಿಲ್ಲ. ಅಡಿಕೆಯೂ ಒಂದು ಚಟ ಅಂತ ನಮ್ಮೂರಲ್ಲಿ ಯಾರು ಅಂದುಕೊಂಡಿದ್ದಾರೆ?

ಕಳೆದ ವರ್ಷ ಉಪ್ಪಿನಕಾಯಿ ತಿಂದರೆ ಬಾಯಿ ಉರಿಯುತ್ತದೆ ಎಂದ. ಆಮೇಲೆ ರೊಟ್ಟಿ ಬಿಟ್ಟ. ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಮೂರು ಬೆರಳು ಜೋಡಿಸಿ ನಿಲ್ಲಿಸಿ ತೋರಿಸಿದರು: 'ಹೀಗೆ ಬಾಯೊಳಗೆ ಹಾಕು ನೋಡೋಣ.' ಅವನಿಗೆ ಹೋಗಿದ್ದು ಒಂದೂವರೆ. ಮರದ ಅಪ್ಪುಗೆಗೆ ದೊರಗಾದ ಆ ಬೆರಳುಗಳು ಹಲ್ಲಿಗೆ ತಾಗಿ ನಿಂತುಬಿಟ್ಟವು. ಕೆನ್ನೆಯ ಒಳಭಾಗ ಒಣಗಿದ ಹಾಳೆಯ ಹಾಗೆ ಸೆಟೆದುಕೊಂಡಿದೆ, ಅಡಿಕೆಯಿಂದಲೇ ಬರುವುದು, ಇದರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ, ಆರಾರು ತಿಂಗಳಿಗೆ ಬಂದು ತೋರಿಸಬೇಕು ಎಂದರು ಡಾಕ್ಟರು. ಅವರ ಮೇಜಿನ ಮೇಲೆ ಯಾವ ಸಂಸ್ಥೆಯ ವರದಿಯೂ ಇರಲಿಲ್ಲ. ದಿನಕ್ಕೆ ಇಂಥವರನ್ನು ಎಷ್ಟು ಮಂದಿ ನೋಡುತ್ತೀರಿ ಎಂದು ಕೇಳಿದೆ. ಹೊರಗೆ ಬೆಂಚಿನ ಕಡೆ ಕೈ ತೋರಿಸಿದರು.

ಇಲ್ಲಿ ನನಗೆ ವಿಡಂಬನೆ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಗೊತ್ತಿರುವ ವಿಷಯ ಇದು. ಬೆಳೆಗಾರನ ಹೊಟ್ಟೆಪಾಡು ನಿಜ, ಯಾರೂ ತೋಟ ಕಡಿಯಿರಿ ಎನ್ನುತ್ತಿಲ್ಲ. ಬಯಲುಸೀಮೆಯಲ್ಲೂ ಗದ್ದೆ ತೆಗೆದು ತೋಟ ಮಾಡುತ್ತಿದ್ದಾರಲ್ಲ, ನಾಳೆ ರೇಟು ಬಿದ್ದರೆ ಏನು ಗತಿ ಎಂದು ಯೋಚಿಸಿ. ಆಶಾಳ ನಮೂನೆಗೆ ಒಂದು ಸಾಲು ಸೇರಿಸಿ, 'ಬರೀ ಅಡಿಕೆ ತಿನ್ನುತ್ತೀರಾ?' ಎಂದು. ಅದಕ್ಕೆ ಒಂಬತ್ತು ಕೋಟಿ ಬೇಡ, ಒಂದು ಬಾಲ್‌ಪೆನ್ನು ಸಾಕು. ಅದನ್ನೂ ಮಾಡುವುದಿಲ್ಲ. ಯಾಕೆಂದರೆ ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಎಣಿಸಬೇಕಾಗುತ್ತದೆ.

ಈ ವರ್ಷ ಮರ ಹತ್ತಲು ಅವನ ಮಗ ಬಂದಿದ್ದಾನೆ. ಅಂಗಿಯ ಜೇಬಿನಲ್ಲಿ ಎರಡು ಪೊಟ್ಟಣ, ಜೋಡಿ. ಅಪ್ಪ ನೇಣು ಹಿಡಿದು ಕೆಳಗೆ ನಿಂತಿರುತ್ತಾನೆ, ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಗಂಜಿ ತಂದಿರುತ್ತಾನೆ. ಮೊನ್ನೆ ಪೇಪರಿನ ಸುದ್ದಿ ಓದಿ ಹೇಳಿದೆ. ಕಷ್ಟಪಟ್ಟು ತುಟಿ ಬಿಡಿಸಿ ಕೇಳಿದ, 'ಹದಿನಾರು ಕಡೆಯವರು ಅಂತೀರಲ್ಲ ಭಟ್ರೇ, ಅವ್ರು ನಮ್ಮನ್ನ ನೋಡಾಕೆ ಬರ್ತಾರಾ, ಅಡಿಕೆನ ನೋಡಾಕೆ ಬರ್ತಾರಾ?'

ಉತ್ತರ ಹೇಳುವಷ್ಟರಲ್ಲಿ ಮಂಡಿಯಿಂದ ಫೋನು ಬಂತು. ರಾಶಿ ಮತ್ತೆ ಏರಿದೆಯಂತೆ, ಬಿಡುತ್ತೀರಾ ಅಂದರು. ಇನ್ನೆರಡು ದಿನ ನೋಡೋಣ ಅಂದೆ.