ಪಟ್ಟಿಯಲ್ಲಿದ್ದರೆ ಸಾಕು, ಅರ್ಥ ಯಾಕೆ ಎನ್ನುವ ಸ್ಕ್ರ್ಯಾಬಲ್ ಗೆಳೆಯರಿಗೆ

ಅಂಕ ಬರೆದ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಆಟ ಸ್ಕ್ರ್ಯಾಬಲ್. ಅದನ್ನು ಆಡುವವರಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ: ಪದ ಅಧಿಕೃತ ಪಟ್ಟಿಯಲ್ಲಿದ್ದರೆ ಆಯಿತು, ಅದರ ಅರ್ಥ ಕಟ್ಟಿಕೊಂಡು ಆಗಬೇಕಾದ್ದೇನು? ಹೊಸದಾಗಿ ಆಟ ಕಲಿಯುವ ಮಕ್ಕಳಿಗೂ ಇದನ್ನೇ ಹೇಳಿಕೊಡುವುದನ್ನು ಕಂಡು ನನಗೆ ಬೇಸರವಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವರ ವಾದಕ್ಕೆ ದೊಡ್ಡ ಸಾಕ್ಷಿಯಿದೆ, ಒಪ್ಪುತ್ತೇನೆ. 2007ರಲ್ಲಿ ನಮ್ಮ ಮುಂಬೈಯಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಮುಂದೆ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಕಿರೀಟವನ್ನೂ 2024ರಲ್ಲಿ ಸ್ಪ್ಯಾನಿಷ್ ಕಿರೀಟವನ್ನೂ ಗೆದ್ದರು. ಆ ಎರಡು ಭಾಷೆಗಳಲ್ಲಿ ಮಾತನಾಡಲು ಅವರಿಗೆ ಬರುವುದಿಲ್ಲ! ಅಂಥ ನೆನಪಿನ ಶಕ್ತಿಗೆ ಕೈಮುಗಿಯುತ್ತೇನೆ. ಆದರೆ ಅದು ಲಕ್ಷಕ್ಕೊಬ್ಬರಿಗೂ ದಕ್ಕದ ಶಕ್ತಿ. ಉಳಿದವರ ತಲೆಯಲ್ಲಿ ಪದ ನಿಲ್ಲಬೇಕಾದರೆ ಅದಕ್ಕೊಂದು ಊರುಗೋಲು ಬೇಕು.

ಇಂಗ್ಲಿಷಿನ ಇ, ಯು, ಒ, ಯು, ಎ, ಇ ಎಂಬ ಆರು ಅಕ್ಷರಗಳ ಪದವೊಂದಿದೆ. ಒಂದೂ ವ್ಯಂಜನವಿಲ್ಲ. ಕೈತುಂಬ ಸ್ವರಗಳೇ ಬಂದು ಕುಳಿತಾಗ ಇದು ದೇವರು ಕೊಟ್ಟ ವರ. ಬರೀ ಉರು ಹೊಡೆದರೆ ಯು ಮೊದಲೋ ಒ ಮೊದಲೋ ಎಂದು ಗೊಂದಲವಾಗುತ್ತದೆ. ಮಧ್ಯಯುಗದ ಚರ್ಚ್ ಸಂಗೀತದಲ್ಲಿ ಸ್ತುತಿಯ ಕೊನೆಗೆ ‘ಸೆಕುಲೋರುಮ್ ಆಮೆನ್’ ಎಂಬ ಲ್ಯಾಟಿನ್ ಪದಗಳು ಬರುತ್ತಿದ್ದವು. ಅವನ್ನು ಪೂರ್ತಿ ಬರೆಯದೆ, ಅವುಗಳ ಸ್ವರಾಕ್ಷರಗಳನ್ನಷ್ಟೇ ರಾಗದ ಕೆಳಗೆ ಬರೆಯುತ್ತಿದ್ದರು. ಆ ಸ್ವರಗಳ ಸಾಲೇ ಈ ಪದ. ಇಷ್ಟು ತಿಳಿದ ಮೇಲೆ ಅಕ್ಷರಗಳ ಕ್ರಮವನ್ನು ಮರೆಯುವುದು ಹೇಗೆ ಸಾಧ್ಯ?

ಕ್ಯೂ ಅಕ್ಷರದ ಕಷ್ಟ ಎಲ್ಲ ಆಟಗಾರರಿಗೂ ಗೊತ್ತು. ಹತ್ತು ಅಂಕ, ಆದರೆ ಯು ಸಿಗದಿದ್ದರೆ ಕೈಯಲ್ಲೇ ಕೊಳೆಯುತ್ತದೆ. ಹಾಗಾಗಿ ‘ಚೀ’ಯನ್ನು ಎಲ್ಲರೂ ಕಲಿಯುತ್ತಾರೆ, ಕ್ಯೂ ಮತ್ತು ಐ, ಚೀನೀಯರು ಹೇಳುವ ಪ್ರಾಣಶಕ್ತಿ. ನನಗೆ ಅದಕ್ಕಿಂತ ಪ್ರಿಯವಾದದ್ದು, ಕ್ಯೂನಿಂದಲೇ ಶುರುವಾದರೂ ಯು ಬೇಡದ, ಹದಿನಾಲ್ಕು ಅಂಕದ ‘ಕನಾತ್’. ಬೆಟ್ಟದ ತಪ್ಪಲಿನ ಅಂತರ್ಜಲವನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ, ಯಾವ ಪಂಪಿನ ಹಂಗೂ ಇಲ್ಲದೆ, ಊರಿಗೆ ಹರಿಸುವ ಪರ್ಷಿಯಾದ ವ್ಯವಸ್ಥೆ ಇದು. ಇರಾನಿನ ಕನಾತ್‌ಗಳು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬಹಮನಿಗಳ ಕಾಲದಲ್ಲಿ ಇದೇ ವಿದ್ಯೆ ಬೀದರ್‌ಗೆ ಬಂದು, ಕರೇಜ್ ಎಂಬ ಹೆಸರಿನಲ್ಲಿ ನೆಲದಡಿ ನೀರು ಹರಿಸಿತು. ಕರ್ನಾಟಕದ ಮಗುವಿಗೆ ಈ ಪದವನ್ನು ಬರೀ ಐದು ಅಕ್ಷರಗಳಾಗಿ ಕಲಿಸುವುದು ಅನ್ಯಾಯ.

ಹಾಗೆಯೇ ‘ಜೊ’. ಯಾಕ್ ಮತ್ತು ಹಸುವಿನ ಮಿಶ್ರ ತಳಿ, ಲಡಾಖಿನ ಎತ್ತರದಲ್ಲಿ ಹೊಲ ಉಳುವ, ಹೊರೆ ಹೊರುವ ಪ್ರಾಣಿ. ಸ್ಕ್ರ್ಯಾಬಲ್ ಆಟದ ಅಧಿಕೃತ ಪದಪಟ್ಟಿಯಾದ ಕಾಲಿನ್ಸ್ ಪಟ್ಟಿಯಲ್ಲಿ ಇದಕ್ಕೆ ಐದು ಕಾಗುಣಿತಗಳಿವೆ. ಐದೂ ಒಂದೇ ಪ್ರಾಣಿಯೆಂದು ತಿಳಿದವನು ಐದನ್ನೂ ಒಟ್ಟಿಗೇ ಕಲಿಯುತ್ತಾನೆ. ಎರಡು ಎ ಸೇರಿದರೆ ಹವಾಯಿಯವರ ಒರಟು ಲಾವಾ. ನಮ್ಮ ದಖನ್ನಿನ ಕಪ್ಪು ಶಿಲೆಯ ಪದರಗಳನ್ನು ವಿವರಿಸುವಾಗಲೂ ಭೂವಿಜ್ಞಾನಿಗಳು ಈ ಪದವನ್ನು ಬಳಸುತ್ತಾರೆ.

ಅರ್ಥದಿಂದ ಆಟಕ್ಕೂ ನೇರ ಲಾಭವಿದೆ. ನಾಮಪದವೆಂದು ಗೊತ್ತಿದ್ದರೆ ಸಾಮಾನ್ಯವಾಗಿ ಎಸ್ ಸೇರಿಸಿ ಬಹುವಚನ ಮಾಡಬಹುದು. ‘ಎಷ್ಟನೆಯದೋ’ ಎಂಬ ಅರ್ಥದ ‘ಎನ್‌ತ್’ನಂಥ ವಿಶೇಷಣಕ್ಕೆ ಸೇರಿಸಿದರೆ ಎದುರಾಳಿ ತಕ್ಷಣ ಪ್ರಶ್ನಿಸುತ್ತಾನೆ. ಇದು ಎಲ್ಲ ಪದಕ್ಕೂ ಹೊಂದುವ ಸೂತ್ರವಲ್ಲ, ನಿಜ. ಆದರೂ ಗಡಿಯಾರ ಓಡುತ್ತಿರುವಾಗ ಕುರುಡು ಊಹೆಗಿಂತ ಎಷ್ಟೋ ವಾಸಿ.

ಅಷ್ಟೆಲ್ಲ ಕಲಿಯಲು ಸಮಯವೆಲ್ಲಿದೆ ಎಂದು ಕೇಳುತ್ತಾರೆ. ಎಲ್ಲವನ್ನೂ ಕಲಿಯಿರಿ ಎಂದು ಯಾರು ಹೇಳಿದರು? ಕಾಲಿನ್ಸ್ ಪಟ್ಟಿಯಲ್ಲಿ ಎರಡಕ್ಷರದ ಪದಗಳು 120ಕ್ಕೂ ಸ್ವಲ್ಪ ಹೆಚ್ಚಿವೆ, ಅಷ್ಟರಿಂದ ಶುರು ಮಾಡಿ. ಮಕ್ಕಳಿಗೆ ಪಟ್ಟಿಯನ್ನು ಮುದ್ರಿಸಿ ಕೊಡುವಾಗ ಪ್ರತಿ ಪದದ ಮುಂದೆ ಒಂದು ಖಾಲಿ ಗೆರೆ ಬಿಡಿ. ಅರ್ಥವನ್ನು ನಿಘಂಟಿನಲ್ಲಿ ಹುಡುಕಿ ಅವರೇ ಕನ್ನಡದಲ್ಲಿ ಬರೆದುಕೊಳ್ಳಲಿ.